ಮೈಸೂರಿನ 72 ಸೆಕೆಂಡು, ಬೆಂಗಳೂರಿನ 73 ಸೆಕೆಂಡು: ಯಾವ ಕುದುರೆ ಜೋರು?

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ)

ಇವತ್ತಿನ ಸಂಚಿಕೆ ಒಂದು ತಿಂಗಳ ರೂಮ್ ಬಾಡಿಗೆಯಿಂದ ಶುರುವಾಗುತ್ತೆ. 14 ಸಾವಿರ ರೂಪಾಯಿ. ಅದರಲ್ಲಿ ಅರ್ಧ ನಂದು, ಅರ್ಧ ನನ್ನ ರೂಮ್‌ಮೇಟ್‌ದು. ಓನರ್‌ಗೆ ಕೊಡೋಕೆ ಅಂತ ಅವನ ಕೈಗೆ ಕೊಟ್ಟಿದ್ದೆ. ಅವನು ಅದನ್ನ ತಗೊಂಡು ರೇಸ್ ಕೋರ್ಸ್‌ಗೆ ಹೋಗಿ, ಒಂದೇ ಕುದುರೆ ಮೇಲೆ ಪೂರ್ತಿ ಹಾಕಿಬಿಟ್ಟ. ಕುದುರೆ ಆರನೇದಾಗಿ ಬಂತು.

ಅವನನ್ನ ಬೈಯೋಣ ಅಂತ ಬಾಯಿ ತೆಗೆದೆ. ಅಷ್ಟರಲ್ಲಿ ಅವನೇ ಕೇಳಿದ: "ಮಗಾ, ನಿನ್ನ ಶೀಟ್ ನೋಡಿಕೊಂಡೇ ಹಾಕಿದ್ದು ಕಣೋ. ಆ ನಂಬರ್ ಸುಳ್ಳಾ?"

ಬಾಯಿ ಮುಚ್ಚಿಕೊಂಡೆ. ಯಾಕಂದ್ರೆ ಆ ಶೀಟ್ ಮಾಡಿದ್ದು ನಾನೇ. ಬೆಟ್ ಕಟ್ಟೋಕಲ್ಲ, ಸುಮ್ನೆ ಕುತೂಹಲಕ್ಕೆ. ಬೆಂಗಳೂರು ಮತ್ತು ಮೈಸೂರಿನ ರೇಸ್ ಫಲಿತಾಂಶ ಇಟ್ಟುಕೊಂಡು, ಯಾವ ಕುದುರೆ ಎಷ್ಟು ದೂರವನ್ನ ಎಷ್ಟು ಸಮಯದಲ್ಲಿ ಓಡಿದೆ ಅಂತ ಎಕ್ಸೆಲ್‌ನಲ್ಲಿ ಹಾಕಿ, ಸಮಯದ ಪ್ರಕಾರ ಸಾರ್ಟ್ ಮಾಡಿದ್ದೆ, ಅಷ್ಟೇ. ಅದನ್ನ ಅವನ ಫೋನಿಗೂ ಕಳಿಸಿದ್ದೆ. ಅವನು ನೋಡಿದ್ದು ಎರಡೇ ಸಾಲು. ಒಂದು ಕುದುರೆ ಮೈಸೂರಿನಲ್ಲಿ 1200 ಮೀಟರನ್ನ 72.4 ಸೆಕೆಂಡಲ್ಲಿ ಓಡಿತ್ತು. ಈ ರೇಸ್‌ನಲ್ಲಿದ್ದ ಉಳಿದ ಕುದುರೆಗಳ ಪೈಕಿ ಬೆಂಗಳೂರಿನಲ್ಲಿ ಅತ್ಯುತ್ತಮ ಅಂದ್ರೆ 73.3. ಹೆಚ್ಚುಕಮ್ಮಿ ಒಂದು ಸೆಕೆಂಡು ವ್ಯತ್ಯಾಸ. ಕುದುರೆ ಪಂದ್ಯದಲ್ಲಿ ಒಂದು ಸೆಕೆಂಡು ಅಂದ್ರೆ ಐದಾರು ಕುದುರೆ ಉದ್ದ. ನೋಡಿದವರಿಗೆ ಗೆದ್ದೇಬಿಟ್ಟಂಗೆ ಕಾಣುತ್ತೆ.

ನಂಬರ್ ಸುಳ್ಳಲ್ಲ. ಎರಡೂ ಸಮಯ ಸರಿಯಾಗೇ ಇತ್ತು. ಆದ್ರೆ ಪಕ್ಕಪಕ್ಕ ಇಡಬಾರದ ಎರಡು ನಂಬರನ್ನ ನಾನು ಪಕ್ಕಪಕ್ಕ ಇಟ್ಟಿದ್ದೆ. ಅದು ಯಾಕೆ ತಪ್ಪು ಅಂತ ಅರ್ಥ ಮಾಡಿಕೊಳ್ಳೋಕೆ ನನಗೆ ಕೆಲವು ತಿಂಗಳು ಹಿಡೀತು. ಇವತ್ತು ಹೇಳೋದು ಅದನ್ನೇ. ಯಾವ ಕುದುರೆಗೆ ಕಟ್ಟಬೇಕು ಅಂತ ತಿಳ್ಕೊಳ್ಳೋಕೆ ಬಂದಿದ್ರೆ, ಈಗಲೇ ಸ್ಕಿಪ್ ಮಾಡಿಬಿಡಿ.

ಮೊದಲು ಒಂದು ಪದ. ಹ್ಯಾಂಡಿಕ್ಯಾಪ್. ನಮ್ಮಲ್ಲಿ ಇದರರ್ಥ, ಒಳ್ಳೆ ಕುದುರೆ ಮೇಲೆ ಹೆಚ್ಚು ತೂಕ, ಸಾಧಾರಣ ಕುದುರೆ ಮೇಲೆ ಕಡಿಮೆ ತೂಕ ಹೊರಿಸಿ ಎಲ್ಲವನ್ನೂ ಸಮಕ್ಕೆ ತರೋದು. ಅದು ಕ್ಲಬ್‌ನವರ ಕೆಲಸ. ಅಮೆರಿಕದಲ್ಲಿ ಇನ್ನೊಂದು ಅರ್ಥವೂ ಇದೆ. ಟಿಕೆಟ್ ತಗೊಳ್ಳೋ ಮನುಷ್ಯ ಪೆನ್ಸಿಲ್ ಹಿಡ್ಕೊಂಡು ಯಾವ ಕುದುರೆಗೆ ಎಷ್ಟು ಅವಕಾಶ ಇದೆ ಅಂತ ಲೆಕ್ಕ ಹಾಕೋದಕ್ಕೂ ಹ್ಯಾಂಡಿಕ್ಯಾಪಿಂಗ್ ಅಂತಾರೆ. ನಾನು ಮಾತಾಡ್ತಿರೋದು ಈ ಎರಡನೇದರ ಬಗ್ಗೆ. ಅದರಲ್ಲೂ ಒಂದು ಭಾಗ, ಪೇಸ್. ಒಟ್ಟು ಎಷ್ಟು ಹೊತ್ತಲ್ಲಿ ಓಡಿತು ಅನ್ನೋದಲ್ಲ, ಆ ಹೊತ್ತನ್ನ ಹೇಗೆ ಖರ್ಚು ಮಾಡಿತು ಅನ್ನೋದು. ಮೊದಲರ್ಧ ಎಷ್ಟು, ಕೊನೆಯರ್ಧ ಎಷ್ಟು.

ಇದನ್ನ ಕಲಿಯೋಕೆ ನಾನು ಅಮೆರಿಕದ ರೇಸ್‌ಗಳನ್ನ ಹಿಡಿದೆ. ಕಾರಣ ಸರಳ. ಅಲ್ಲಿ ಪ್ರತಿ ಕಾಲು ಮೈಲಿಗೂ, ಅಂದ್ರೆ ಪ್ರತಿ 402 ಮೀಟರಿಗೂ, ಮುಂದಿರೋ ಕುದುರೆಯ ಸಮಯ ದಾಖಲಾಗುತ್ತೆ. ದೊಡ್ಡ ರೇಸ್‌ಗಳದ್ದು ಹತ್ತಾರು ವರ್ಷಗಳ ದಾಖಲೆ ಸಿಗುತ್ತೆ. ಲೆಕ್ಕ ಕಲಿಯೋಕೆ ಹಳೇ ಪ್ರಶ್ನೆಪತ್ರಿಕೆ ಇದ್ದಂಗೆ.

ಒಂದು ಉದಾಹರಣೆ ಕೊಡ್ತೀನಿ. 2025ರ ಮೇ 3, ಕೆಂಟಕಿ ಡರ್ಬಿ. ಜಾಗ ಚರ್ಚಿಲ್ ಡೌನ್ಸ್, ದೂರ ಒಂದೂಕಾಲು ಮೈಲಿ, ಅಂದ್ರೆ ಸುಮಾರು 2012 ಮೀಟರ್. ಮಳೆ ಬಂದು ಟ್ರ್ಯಾಕ್ ಕೆಸರು ಕೆಸರು. ಗೆದ್ದಿದ್ದು ಸಾವರೆಂಟಿ ಅನ್ನೋ ಕುದುರೆ, 2 ನಿಮಿಷ 2.31 ಸೆಕೆಂಡಲ್ಲಿ. ಎರಡನೇದು ಜರ್ನಲಿಸಂ, ಒಂದೂವರೆ ಕುದುರೆ ಉದ್ದ ಹಿಂದೆ.

ಐದು ವಾರ ಆದ ಮೇಲೆ, ಜೂನ್ 7, ಬೆಲ್ಮಾಂಟ್ ಸ್ಟೇಕ್ಸ್. ಇದು ಎಂದಿನಂತೆ ನಡೆಯೋದು ನ್ಯೂಯಾರ್ಕ್‌ನ ಬೆಲ್ಮಾಂಟ್ ಪಾರ್ಕ್‌ನಲ್ಲಿ, ಒಂದೂವರೆ ಮೈಲಿ. ಆದ್ರೆ ಆಗ ಆ ಜಾಗ ಒಡೆದು ಹೊಸದಾಗಿ ಕಟ್ತಾ ಇದ್ರು. ಹಾಗಾಗಿ ರೇಸ್ ಸ್ಯಾರಟೋಗಕ್ಕೆ ಹೋಯ್ತು, ದೂರ ಒಂದೂಕಾಲು ಮೈಲಿಗೆ ಇಳೀತು. ಅಂದ್ರೆ ಡರ್ಬಿಯಷ್ಟೇ ದೂರ! ಗೆದ್ದಿದ್ದು ಮತ್ತೆ ಸಾವರೆಂಟಿ. ಎರಡನೇದು ಮತ್ತೆ ಜರ್ನಲಿಸಂ, ಈ ಸಲ ಮೂರು ಉದ್ದ ಹಿಂದೆ. ಮೂರನೇದೂ ಎರಡೂ ಕಡೆ ಒಂದೇ ಕುದುರೆ. ಸಮಯ 2 ನಿಮಿಷ 0.69 ಸೆಕೆಂಡ್.

ಅದೇ ಕುದುರೆಗಳು, ಅದೇ ಸಾಲು, ಅದೇ ದೂರ. ಬದಲಾಗಿದ್ದು ಟ್ರ್ಯಾಕ್ ಮತ್ತು ದಿನ. ಲೆಕ್ಕ ಕಲಿಯೋನಿಗೆ ಇದಕ್ಕಿಂತ ಒಳ್ಳೆ ಉದಾಹರಣೆ ಸಿಗೋದು ಕಷ್ಟ.

ಗೆದ್ದ ಕುದುರೆ ಎರಡನೇ ಸಲ 1.62 ಸೆಕೆಂಡ್ ಬೇಗ ಓಡಿತು. ನನ್ನ ಹಳೇ ಶೀಟ್ ಆಗಿದ್ರೆ, ಕುದುರೆ ಐದು ವಾರದಲ್ಲಿ ಎಂಟು ಉದ್ದದಷ್ಟು ಸುಧಾರಿಸಿದೆ ಅಂತ ಬರ್ಕೊಳ್ತಿತ್ತು. ಈಗ ಸೋತ ಕುದುರೆ ನೋಡಿ. ಒಂದು ಉದ್ದಕ್ಕೆ ಐದನೇ ಒಂದು ಸೆಕೆಂಡ್, ಅಂದ್ರೆ 0.2, ಅನ್ನೋದು ಅಮೆರಿಕದ ಹಳೇ ರೂಢಿ. ಆ ಪ್ರಕಾರ ಜರ್ನಲಿಸಂ ಡರ್ಬಿಯಲ್ಲಿ ಸುಮಾರು 2 ನಿಮಿಷ 2.6, ಸ್ಯಾರಟೋಗದಲ್ಲಿ ಸುಮಾರು 2 ನಿಮಿಷ 1.3. ಅಂದ್ರೆ ಎರಡನೇ ರೇಸ್‌ನಲ್ಲಿ ಅದು ಮೊದಲಿಗಿಂತ ದೊಡ್ಡ ಅಂತರದಲ್ಲಿ ಸೋತಿದೆ. ಆದ್ರೂ ಗಡಿಯಾರದ ಪ್ರಕಾರ ಒಂದೂಕಾಲು ಸೆಕೆಂಡಿಗಿಂತ ಹೆಚ್ಚು ಸುಧಾರಿಸಿದೆ!

ಹೆಚ್ಚು ಸೋತ ಕುದುರೆಯೂ ಬೇಗ ಓಡಿದೆ ಅಂದ್ರೆ, ಆ ಒಂದೂಕಾಲು ಸೆಕೆಂಡಲ್ಲಿ ಬಹುಪಾಲು ಕುದುರೆಯದ್ದಲ್ಲ. ಅದು ನೆಲದ್ದು. ಚರ್ಚಿಲ್ ಡೌನ್ಸ್ ಒಂದು ಮೈಲಿಯ ಸುತ್ತು, ಸ್ಯಾರಟೋಗ ಅದಕ್ಕಿಂತ ಎಂಟನೇ ಒಂದು ಮೈಲಿ ದೊಡ್ಡದು. ತಿರುವಿನ ಆಕಾರ ಬೇರೆ, ಮಣ್ಣು ಬೇರೆ, ಮಳೆ ಬೇರೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಒಬ್ಬ ಡೆಲಿವರಿ ಹುಡುಗ ಸಂಜೆ ಆರಕ್ಕೆ ಸಿಲ್ಕ್ ಬೋರ್ಡ್ ದಾಟಿ ಐದು ಕಿಲೋಮೀಟರ್ ಹೋದ. ಇನ್ನೊಬ್ಬ ಭಾನುವಾರ ಬೆಳಗ್ಗೆ ಮೈಸೂರು ರಿಂಗ್ ರೋಡಲ್ಲಿ ಐದು ಕಿಲೋಮೀಟರ್ ಹೋದ. ಆ್ಯಪ್‌ನಲ್ಲಿರೋ ನಿಮಿಷ ನೋಡಿ ಯಾರು ಒಳ್ಳೆ ರೈಡರ್ ಅಂತ ಹೇಳೋಕಾಗುತ್ತಾ?

ಇದಕ್ಕೆ ಪರಿಹಾರ ಹುಡುಕಿದವರು ಇದ್ದಾರೆ. ಆಂಡ್ರ್ಯೂ ಬೇಯರ್ ಅಂತ, ವಾಷಿಂಗ್ಟನ್ ಪೋಸ್ಟ್‌ನ ರೇಸ್ ಅಂಕಣಕಾರರಾಗಿದ್ದವರು. 1975ರಲ್ಲಿ ಪಿಕಿಂಗ್ ವಿನ್ನರ್ಸ್ ಅನ್ನೋ ಪುಸ್ತಕ ಬರೆದರು. ಅವರ ಯೋಚನೆ ಏನಂದ್ರೆ, ಪ್ರತಿ ಓಟಕ್ಕೂ ಒಂದು ಅಂಕ ಕೊಡಬೇಕು. ಆ ಅಂಕ ಯಾವ ಟ್ರ್ಯಾಕಿನದ್ದಾದರೂ, ಯಾವ ದೂರದ್ದಾದರೂ, ಒಂದೇ ಬೆಲೆ ಇರಬೇಕು. ಡಾಲರ್‌ಗೂ ರೂಪಾಯಿಗೂ ವಿನಿಮಯ ದರ ಇದ್ದಂಗೆ, ಟ್ರ್ಯಾಕ್‌ಗೂ ಟ್ರ್ಯಾಕ್‌ಗೂ ಒಂದು ದರ.

ಆ ದರ ಕಂಡುಹಿಡಿಯೋದು ಹೀಗೆ. ಒಂದು ಟ್ರ್ಯಾಕ್‌ನಲ್ಲಿ, ಒಂದು ದೂರಕ್ಕೆ, ಒಂದು ದರ್ಜೆಯ ಕುದುರೆಗಳು ಸಾಮಾನ್ಯವಾಗಿ ಎಷ್ಟು ಸಮಯ ತಗೊಳ್ತವೆ ಅಂತ ಸರಾಸರಿ ತೆಗೀರಿ. ಇದಕ್ಕೆ ಪಾರ್ ಅಂತಾರೆ. ಆಮೇಲೆ ಒಂದು ದಿನದ ಏಳೆಂಟು ರೇಸ್ ತಗೊಂಡು, ಪ್ರತಿಯೊಂದೂ ತನ್ನ ಪಾರ್‌ಗಿಂತ ಎಷ್ಟು ಬೇಗ ಅಥವಾ ಎಷ್ಟು ನಿಧಾನ ಅಂತ ನೋಡಿ. ಎಲ್ಲವೂ ಸುಮಾರು ಅರ್ಧ ಸೆಕೆಂಡ್ ಬೇಗ ಇದ್ರೆ, ಆವತ್ತು ನೆಲವೇ ಅರ್ಧ ಸೆಕೆಂಡ್ ಬೇಗ ಇತ್ತು ಅಂತ ತೀರ್ಮಾನಿಸಿ, ಅಷ್ಟನ್ನ ಎಲ್ಲ ಕುದುರೆಗಳ ಲೆಕ್ಕದಿಂದ ತೆಗೀರಿ. ಇದಕ್ಕೆ ಟ್ರ್ಯಾಕ್ ವೇರಿಯಂಟ್ ಅಂತ ಹೆಸರು.

ಕೇಳೋಕೆ ಚೆನ್ನಾಗಿದೆ. ಆದ್ರೆ ಬಿ.ಕಾಂ. ಓದಿದವರಿಗೆ ಇದರಲ್ಲಿ ಒಂದು ಪರಿಚಿತ ವಾಸನೆ ಬಡಿಯುತ್ತೆ. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗದೇ ಇದ್ದಾಗ ನಾವೇನು ಮಾಡ್ತಿದ್ವಿ? ವ್ಯತ್ಯಾಸ ಎಷ್ಟಿದೆಯೋ ಅಷ್ಟನ್ನ ಸಸ್ಪೆನ್ಸ್ ಅಕೌಂಟ್‌ಗೆ ಹಾಕಿ, ಟೋಟಲ್ ಸರಿ ಮಾಡ್ತಿದ್ವಿ. ತಪ್ಪು ಎಲ್ಲಿದೆ ಅಂತ ಗೊತ್ತಾಗಿರಲ್ಲ, ಆದ್ರೆ ಶೀಟ್ ಅಚ್ಚುಕಟ್ಟಾಗಿ ಕಾಣುತ್ತೆ. ಟ್ರ್ಯಾಕ್ ವೇರಿಯಂಟ್ ಅಂದ್ರೆ ರೇಸ್‌ನ ಸಸ್ಪೆನ್ಸ್ ಅಕೌಂಟ್. ಆವತ್ತು ನಿಜವಾಗಲೂ ನೆಲ ಗಟ್ಟಿ ಇತ್ತಾ? ಗಾಳಿ ಹಿಂದಿನಿಂದ ಬೀಸ್ತಿತ್ತಾ? ಅಥವಾ ಆವತ್ತು ಬಂದ ಕುದುರೆಗಳೇ ಸ್ವಲ್ಪ ಮೇಲ್ಮಟ್ಟದವಾ? ಜಾಕಿಗಳೆಲ್ಲ ಮೊದಲಿಂದಲೇ ಬಿರುಸಾಗಿ ಓಡಿಸಿದ್ರಾ? ಎಲ್ಲ ಒಂದೇ ಖಾತೆಗೆ ಬಿದ್ದಿರುತ್ತೆ.

ಇನ್ನೊಂದು ದಾರಿ ಇದೆ, ನನಗೆ ಹೆಚ್ಚು ಇಷ್ಟವಾಗಿದ್ದು. ಎರಡೂ ಟ್ರ್ಯಾಕ್‌ನಲ್ಲಿ ಓಡಿರೋ ಕುದುರೆಗಳನ್ನ ಮಾತ್ರ ಹಿಡಿಯೋದು. ಸಾವರೆಂಟಿ, ಜರ್ನಲಿಸಂ ಥರ. ಬೆಂಗಳೂರು ಮತ್ತು ಮೈಸೂರಿಗೆ ಇದು ಚೆನ್ನಾಗಿ ಹೊಂದುತ್ತೆ, ಯಾಕಂದ್ರೆ ಎರಡೂ ಕಡೆ ಓಡೋ ಕುದುರೆಗಳು ಬೇಕಾದಷ್ಟಿವೆ. ಒಂದೇ ಕುದುರೆ, ಒಂದೇ ದೂರ, ಎರಡು ಊರು. ಅಂಥ ಜೋಡಿಗಳ ವ್ಯತ್ಯಾಸವನ್ನ ಸರಾಸರಿ ಮಾಡಿದ್ರೆ ಊರಿಂದ ಊರಿಗೆ ಒಂದು ದರ ಸಿಗುತ್ತೆ.

ಆದ್ರೆ ಇಲ್ಲೂ ಒಂದು ಕೊಕ್ಕೆ. ಎರಡೂ ಕಡೆ ಓಡಿದ್ದು ಅದೇ ಕುದುರೆ ನಿಜ, ಆದ್ರೆ ಅದೇ ಸ್ಥಿತಿಯಲ್ಲಿತ್ತಾ? ಡರ್ಬಿ ಆಗಿ ಎರಡು ವಾರಕ್ಕೆ ಪ್ರೀಕ್‌ನೆಸ್ ಅನ್ನೋ ಇನ್ನೊಂದು ದೊಡ್ಡ ರೇಸ್ ಇತ್ತು. ಜರ್ನಲಿಸಂ ಅದರಲ್ಲೂ ಓಡಿ ಗೆದ್ದಿತ್ತು. ಸಾವರೆಂಟಿ ಅದನ್ನ ಬಿಟ್ಟು ಆರಾಮಾಗಿ ನೇರ ಸ್ಯಾರಟೋಗಕ್ಕೆ ಬಂತು. ಹಾಗಾದ್ರೆ ಒಂದೂವರೆ ಉದ್ದದ ಅಂತರ ಮೂರಾಗಿದ್ದು ಕುದುರೆಯ ತಾಕತ್ತಿಂದಲಾ, ದಣಿವಿಂದಲಾ? ಆ ಎರಡು ರೇಸ್‌ನ ಗಡಿಯಾರ ನೋಡಿ ಹೇಳೋಕಾಗಲ್ಲ.

ಈಗ ಕೆಲವು ಸಣ್ಣ ತಪ್ಪುಗಳು. ಸಣ್ಣವು ಅಂದೆ, ಆದ್ರೆ ನನ್ನ ಬಾಡಿಗೆಯನ್ನ ನುಂಗಿದ್ದು ಇಂಥವೇ.

ಒಂದು ಉದ್ದಕ್ಕೆ 0.2 ಸೆಕೆಂಡ್ ಅನ್ನೋ ರೂಢಿ ಹೇಳಿದ್ನಲ್ಲ, ಅದನ್ನೇ ಲೆಕ್ಕ ಹಾಕಿ. ಕುದುರೆ ಉದ್ದ ಎರಡೂವರೆ ಮೀಟರ್ ಆಸುಪಾಸು. ಜೋರಾಗಿ ಓಡೋ ರೇಸ್ ಕುದುರೆ ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತೆ. ಭಾಗಿಸಿದ್ರೆ ಬರೋದು 0.15. ಅಂದ್ರೆ ರೂಢಿಯ ಲೆಕ್ಕದಲ್ಲಿ ಪ್ರತಿ ಉದ್ದಕ್ಕೂ 0.05 ಸೆಕೆಂಡ್ ಹೆಚ್ಚುವರಿ ಸೇರಿಕೊಳ್ಳುತ್ತೆ. ಗೆದ್ದ ಕುದುರೆಗೆ ತೊಂದರೆಯಿಲ್ಲ. ಆರು ಉದ್ದ ಹಿಂದೆ ಬಂದ ಕುದುರೆಯ ಸಮಯದಲ್ಲಿ 0.3 ಸೆಕೆಂಡ್ ಸುಮ್ನೆ ಸುಳ್ಳು.

ಗಡಿಯಾರ ಯಾವಾಗ ಶುರುವಾಗುತ್ತೆ ಅನ್ನೋದು ಇನ್ನೊಂದು. ಅಮೆರಿಕದಲ್ಲಿ ಗೇಟ್ ತೆಗೆದ ತಕ್ಷಣ ಸಮಯ ಶುರುವಾಗಲ್ಲ. ಕುದುರೆಗಳು ಗೇಟ್‌ನಿಂದ ಹೊರಬಂದು ಸ್ವಲ್ಪ ದೂರ ಓಡಿ, ಒಂದು ಗುರುತು ದಾಟಿದ ಮೇಲೆ ಶುರು. ಆ ಸ್ವಲ್ಪ ದೂರ ಟ್ರ್ಯಾಕಿಂದ ಟ್ರ್ಯಾಕಿಗೆ ಬೇರೆ. ಹೆಚ್ಚು ದೂರ ಇದ್ರೆ ಕುದುರೆ ಆಗಲೇ ವೇಗ ಹಿಡಿದಿರುತ್ತೆ, ಹಾಗಾಗಿ ಮೊದಲ ಕಾಲು ಮೈಲಿ ಬಿರುಸಾಗಿ ಕಾಣುತ್ತೆ. ಪೇಸ್ ಲೆಕ್ಕ ಹಾಕೋರು ಎಡವೋದು ಇಲ್ಲೇ.

ಗಡಿಯಾರವೇ ತಪ್ಪಿದ್ರೆ? ಅದೂ ಆಗಿದೆ. 1973ರ ಪ್ರೀಕ್‌ನೆಸ್, ಗೆದ್ದಿದ್ದು ಸೆಕ್ರೆಟೇರಿಯಟ್. ಅಮೆರಿಕದಲ್ಲಿ ಈ ಹೆಸರು ಕೇಳಿದ್ರೆ ರೇಸ್ ಗೊತ್ತಿಲ್ಲದವರೂ ತಲೆ ಎತ್ತುತ್ತಾರೆ. ಆವತ್ತು ಟ್ರ್ಯಾಕ್‌ನ ಗಡಿಯಾರ ತೋರಿಸಿದ್ದು 1 ನಿಮಿಷ 55 ಸೆಕೆಂಡ್. ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದಿದ್ದ ಪತ್ರಿಕೆಯವರು ಇಲ್ಲ, 1 ನಿಮಿಷ 53.4 ಅಂದ್ರು. ಮಧ್ಯದಲ್ಲಿ ರಾಜಿ ಥರ ಅಧಿಕೃತ ಸಮಯವನ್ನ 1 ನಿಮಿಷ 54.4ಕ್ಕೆ ಬದಲಾಯಿಸಿದ್ರು. ಕೊನೆಗೆ 2012ರಲ್ಲಿ ಹಳೇ ವಿಡಿಯೊ ಮತ್ತೆ ಪರಿಶೀಲಿಸಿ 1 ನಿಮಿಷ 53 ಅಂತ ಘೋಷಿಸಿದ್ರು. ಒಂದೇ ಓಟ, ಎರಡು ಸೆಕೆಂಡ್ ವ್ಯತ್ಯಾಸ, ಸರಿಯಾಗೋಕೆ 39 ವರ್ಷ. ಅಷ್ಟು ಪ್ರಸಿದ್ಧ ಕುದುರೆಗೇ ಹೀಗಾದ್ರೆ, ಬುಧವಾರ ಮಧ್ಯಾಹ್ನದ ನಾಲ್ಕನೇ ರೇಸ್‌ನ ಗಡಿಯಾರದ ಮೇಲೆ ನನಗೆಷ್ಟು ನಂಬಿಕೆ ಇರಬೇಕು?

ಸರಿ, ಈಗ ಪೇಸ್‌ಗೆ ಬರೋಣ. ನನ್ನ ರೂಮ್‌ಮೇಟ್‌ನ ಕುದುರೆ ಸೋತಿದ್ದಕ್ಕೆ ನೆಲ ಅರ್ಧ ಕಾರಣ ಆದ್ರೆ, ಪೇಸ್ ಇನ್ನರ್ಧ.

ಶಾಲೆಯಲ್ಲಿ 400 ಮೀಟರ್ ಓಟ ನೋಡಿದ್ದೀರಲ್ಲ. ಮೊದಲ 100 ಮೀಟರ್ ಪ್ರಾಣ ಬಿಟ್ಟು ಓಡೋ ಹುಡುಗ ಒಬ್ಬ ಇದ್ದೇ ಇರ್ತಾನೆ. ಕೊನೆಯಲ್ಲಿ ಹೊಟ್ಟೆ ಹಿಡ್ಕೊಂಡು ನಡೀತಿರ್ತಾನೆ. ಕುದುರೆಗೂ ಅಷ್ಟೇ. 2022ರ ಕೆಂಟಕಿ ಡರ್ಬಿ ನೋಡಿ. ಸಮ್ಮರ್ ಈಸ್ ಟುಮಾರೊ ಅನ್ನೋ ಕುದುರೆ ದುಬೈನಿಂದ ಬಂದಿತ್ತು. ಅಲ್ಲಿ ಮೈದಾನ್ ಟ್ರ್ಯಾಕ್‌ನಲ್ಲಿ ನಡೆದ ಯುಎಇ ಡರ್ಬಿಯಲ್ಲಿ ಎರಡನೇ ಸ್ಥಾನ. ಕೆಂಟಕಿಯಲ್ಲಿ ಅದು ಮುನ್ನುಗ್ಗಿ ಮೊದಲ ಕಾಲು ಮೈಲಿಯನ್ನ 21.78 ಸೆಕೆಂಡಲ್ಲಿ ಓಡಿತು. ಡರ್ಬಿಯ ಇತಿಹಾಸದಲ್ಲೇ ಅತಿ ವೇಗದ ಆರಂಭ. ಅರ್ಧ ಮೈಲಿ 45.36. ಕೊನೆಗೆ ಎಷ್ಟನೇದು? ಇಪ್ಪತ್ತು ಕುದುರೆಗಳಲ್ಲಿ ಇಪ್ಪತ್ತನೇದು.

ಗೆದ್ದಿದ್ದು ರಿಚ್ ಸ್ಟ್ರೈಕ್. ಹಿಂದಿನ ದಿನ ಬೇರೆ ಒಂದು ಕುದುರೆ ಹಿಂದೆ ಸರಿದಿದ್ದರಿಂದ ಇದಕ್ಕೆ ಜಾಗ ಸಿಕ್ಕಿತ್ತು. ಒಂದಕ್ಕೆ ಎಂಬತ್ತರ ದರ. ಆರಂಭದಲ್ಲಿ ಬಹುತೇಕ ಕೊನೆಯಲ್ಲಿತ್ತು. ಮುಂದಿದ್ದವರೆಲ್ಲ ಸುಸ್ತಾದ ಮೇಲೆ ಒಳಗಡೆಯಿಂದ ನುಗ್ಗಿ ಬಂತು. ಗೆದ್ದ ಸಮಯ 2 ನಿಮಿಷ 2.61.

ಮೊದಲ 805 ಮೀಟರನ್ನ ಮುಂದಿದ್ದ ಕುದುರೆ ಸೆಕೆಂಡಿಗೆ 17.7 ಮೀಟರ್ ವೇಗದಲ್ಲಿ ದಾಟಿತು. ಅಲ್ಲಿಂದ ಗೆಲುವಿನ ಗೆರೆಯವರೆಗೆ ರೇಸ್ ಸಾಗಿದ್ದು ಸೆಕೆಂಡಿಗೆ 15.6ರಂತೆ. ರಿಚ್ ಸ್ಟ್ರೈಕ್ ಮಿಂಚಿನಂತೆ ಬಂತು ಅಂತ ಟಿವಿಯಲ್ಲಿ ಕಂಡಿತು. ನಿಜ ಏನಂದ್ರೆ ಉಳಿದವು ನಿಧಾನವಾದವು, ಇದು ಅಷ್ಟು ನಿಧಾನವಾಗಲಿಲ್ಲ. ಮುಂದಿನ ರೇಸ್ ಬೆಲ್ಮಾಂಟ್‌ನಲ್ಲಿ. ಅಲ್ಲಿ ಯಾರೂ ಹಾಗೆ ಮುನ್ನುಗ್ಗಿ ಸಾಯಲಿಲ್ಲ, ರಿಚ್ ಸ್ಟ್ರೈಕ್ ಎಂಟರಲ್ಲಿ ಆರನೇದು. ಆಮೇಲೆ ಅದು ಒಂದು ರೇಸನ್ನೂ ಗೆಲ್ಲಲಿಲ್ಲ.

ಇದಕ್ಕೆ ಉಲ್ಟಾ ಅಂದ್ರೆ 1973ರ ಡರ್ಬಿಯಲ್ಲಿ ಸೆಕ್ರೆಟೇರಿಯಟ್. ಅದರ ಐದು ಕಾಲು ಮೈಲಿಗಳು ಹೀಗಿವೆ: 25.2, 24, 23.8, 23.4, 23. ಪ್ರತಿ ತುಂಡೂ ಹಿಂದಿನದಕ್ಕಿಂತ ವೇಗ! ಬರೀ ಒಟ್ಟು ಸಮಯ ನೋಡಿದವರಿಗೆ ಇದು ಕಾಣಲ್ಲ. ಅದೇ ವರ್ಷ ಬೆಲ್ಮಾಂಟ್‌ನಲ್ಲಿ ಇದೇ ಕುದುರೆ ಮೊದಲಿಂದಲೇ ಬಿರುಸಾಗಿ ಓಡಿ, ಮೊದಲ ಮುಕ್ಕಾಲು ಮೈಲಿಯನ್ನ 1 ನಿಮಿಷ 9.8ರಲ್ಲಿ ದಾಟಿತು. ಪಕ್ಕದಲ್ಲೇ ಓಡಿದ ಕುದುರೆಯ ಹೆಸರು ಶ್ಯಾಮ್. ನಮ್ಮೂರಿನ ಶ್ಯಾಮ ಅಲ್ಲ, ಇಂಗ್ಲಿಷಲ್ಲಿ ಆ ಪದಕ್ಕೆ ಬೂಟಾಟಿಕೆ ಅಂತ ಅರ್ಥ, ಪಾಪ. ಆ ಪೇಸ್‌ಗೆ ಶ್ಯಾಮ್ ಸುಸ್ತಾಗಿ ಐದರಲ್ಲಿ ಐದನೇದಾಯ್ತು. ಸೆಕ್ರೆಟೇರಿಯಟ್ 31 ಉದ್ದದಿಂದ ಗೆದ್ದಿತು. ಒಂದೇ ಪೇಸ್ ಒಂದು ಕುದುರೆಯನ್ನ ಮುಗಿಸಿತು, ಇನ್ನೊಂದಕ್ಕೆ ಏನೂ ಆಗಲಿಲ್ಲ. ಹಾಗಾಗಿ ಪೇಸ್ ಅಂಕ ಒಂದೇ ಸಾಕು ಅನ್ನೋರನ್ನೂ ನಾನು ನಂಬಲ್ಲ.

ಈಗ ನಮ್ಮೂರಿಗೆ ಬರೋಣ. ಇಲ್ಲಿ ಒಂದು ದೊಡ್ಡ ವ್ಯತ್ಯಾಸ ಇದೆ. ನಾನು ಇಷ್ಟು ಹೊತ್ತು ಹೇಳಿದ್ದು ಮಣ್ಣಿನ ಟ್ರ್ಯಾಕ್. ನಮ್ಮಲ್ಲಿ ರೇಸ್ ನಡೆಯೋದು ಹುಲ್ಲಿನ ಮೇಲೆ. ಹುಲ್ಲಿನ ಮೇಲೆ, ಅದರಲ್ಲೂ ಸ್ವಲ್ಪ ಉದ್ದದ ದೂರದಲ್ಲಿ, ಜಾಕಿಗಳು ಮೊದಲು ಹಿಡಿದಿಟ್ಟು ಕೊನೆಯ 600 ಮೀಟರ್‌ನಲ್ಲಿ ಬಿಡ್ತಾರೆ. ಹಾಗಾಗಿ ಒಟ್ಟು ಸಮಯ ಇನ್ನೂ ಕಡಿಮೆ ಮಾತಾಡುತ್ತೆ. ಮೊದಲರ್ಧ ಎಲ್ಲರೂ ತಮಾಷೆ ಮಾಡ್ಕೊಂಡು ಬಂದ್ರೆ, ಅತ್ಯುತ್ತಮ ಕುದುರೆಯ ಸಮಯವೂ ಕೆಟ್ಟದಾಗಿ ಕಾಣುತ್ತೆ.

ನಾನೀಗ ಮಾಡೋದು ಕೊನೆಯ 600 ಮೀಟರ್ ಅಳೆಯೋದು. ರೇಸ್ ವಿಡಿಯೊ ಹಾಕ್ಕೊಂಡು, 600 ಮೀಟರ್ ಕಂಬದಿಂದ ಗೆಲುವಿನ ಕಂಬದವರೆಗೆ. ಮೊದಮೊದಲು ಫೋನ್ ಸ್ಟಾಪ್‌ವಾಚ್ ಒತ್ತುತ್ತಿದ್ದೆ. ಹೆಬ್ಬೆರಳು ತಡ ಮಾಡೋದೇ 0.2 ಸೆಕೆಂಡ್! ಈಗ ಫ್ರೇಮ್ ಎಣಿಸ್ತೀನಿ. ಸೆಕೆಂಡಿಗೆ 25 ಫ್ರೇಮ್ ಇರೋ ವಿಡಿಯೊದಲ್ಲಿ ಒಂದು ಫ್ರೇಮ್ ಅಂದ್ರೆ 0.04 ಸೆಕೆಂಡ್. ಆದ್ರೆ ಕ್ಯಾಮೆರಾ ಓರೆಯಾಗಿರುತ್ತೆ, ಕುದುರೆ ನಿಜವಾಗಿ ಕಂಬ ದಾಟಿದ್ದು ಯಾವ ಫ್ರೇಮ್‌ನಲ್ಲಿ ಅನ್ನೋದು ಅಂದಾಜೇ.

ನೆಲದ ಬಗ್ಗೆ ಒಂದು ಅನುಕೂಲ ಇದೆ. ನಮ್ಮ ಕ್ಲಬ್‌ಗಳು ಪೆನೆಟ್ರೋಮೀಟರ್ ರೀಡಿಂಗ್ ಕೊಡ್ತಾರೆ. ನೆಲಕ್ಕೆ ಒಂದು ಸಲಾಕೆ ಎಷ್ಟು ಇಳಿಯುತ್ತೆ ಅಂತ ನೋಡೋ ಉಪಕರಣ ಅದು. ಹೆಚ್ಚು ಇಳಿದ್ರೆ ನೆಲ ಮೆತ್ತಗೆ. ಬೆಂಗಳೂರಿನ ಬೇಸಿಗೆ ಸೀಸನ್ ಮುಗಿಯೋ ಹೊತ್ತಿಗೆ ಮಳೆ ಹಿಡಿದಿರುತ್ತೆ, ಆಗ ಇದನ್ನ ನೋಡದೆ ಸಮಯ ಹೋಲಿಸೋದು ಕತ್ತಲಲ್ಲಿ ತೂಕ ಹಾಕಿದಂಗೆ.

ಇನ್ನೊಂದು, ಫಾಲ್ಸ್ ರೇಲ್. ಒಳಗಿನ ಹುಲ್ಲು ಸವೆದಿದ್ರೆ ಒಳಬೇಲಿಯನ್ನ ಕೆಲವು ಮೀಟರ್ ಹೊರಗೆ ಸರಿಸ್ತಾರೆ. ಐದು ಮೀಟರ್ ಸರಿಸಿದ್ರು ಅಂತಿಟ್ಟುಕೊಳ್ಳಿ. ಅರ್ಧ ವೃತ್ತದ ತಿರುವಿದ್ರೆ, ಪೈ ಗುಣಿಸು ಐದು, ಅಂದ್ರೆ 15.7 ಮೀಟರ್ ಹೆಚ್ಚು ಓಡಬೇಕು. ಗೇಟನ್ನ ಅದಕ್ಕೆ ತಕ್ಕಂತೆ ಮುಂದೆ ತರದೇ ಇದ್ರೆ ಅದು ಹತ್ತಿರ ಹತ್ತಿರ ಒಂದು ಸೆಕೆಂಡ್. ರೇಸ್ ಬುಕ್‌ನಲ್ಲಿ ಇದು ಒಂದೇ ಸಾಲಲ್ಲಿ ಇರುತ್ತೆ. ನಾನು ಆ ಸಾಲು ಓದ್ತಾನೇ ಇರಲಿಲ್ಲ.

ಈ ಎಲ್ಲ ಕಲಿತ ಮೇಲೆ ನಾನು ಹಳೇ ಶೀಟ್‌ಗೆ ವಾಪಸ್ ಹೋದೆ. ಆ 72.4 ಸೆಕೆಂಡ್ ಬಂದ ದಿನ ಮೈಸೂರಿನಲ್ಲಿ ನಡೆದ ಉಳಿದ ರೇಸ್‌ಗಳನ್ನ ತೆಗೆದೆ. ಆವತ್ತು ಬಹುತೇಕ ಎಲ್ಲ ರೇಸ್‌ಗಳೂ ವಾಡಿಕೆಗಿಂತ ಬೇಗ ಇದ್ದವು, ನನ್ನ ಲೆಕ್ಕದಲ್ಲಿ ಸುಮಾರು 0.6 ಸೆಕೆಂಡ್. ಅದನ್ನ ಕಳೆದ್ರೆ 0.9ರ ಅಂತರ 0.3ಕ್ಕೆ ಇಳೀತು. ಎರಡು ಉದ್ದ.

ಆ ಎರಡು ಉದ್ದಕ್ಕಾದ್ರೂ ಅರ್ಥ ಇದೆಯಾ? ದಿನದ ನೆಲದ ಲೆಕ್ಕದಲ್ಲಿ 0.3 ಆಚೀಚೆ ಇರಬಹುದು. ಉದ್ದವನ್ನ ಸಮಯಕ್ಕೆ ಪರಿವರ್ತಿಸೋದ್ರಲ್ಲಿ ಇನ್ನೊಂದು 0.3. ಅಳತೆಯಲ್ಲಿ 0.2. ಇವನ್ನ ಸುಮ್ನೆ ಕೂಡಿಸೋ ಹಾಗಿಲ್ಲ, ಒಂದನ್ನೊಂದು ಸ್ವಲ್ಪ ರದ್ದು ಮಾಡುತ್ತವೆ. ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆದ್ರೆ ಒಂದು ಕುದುರೆಗೆ ಸುಮಾರು ಅರ್ಧ ಸೆಕೆಂಡ್. ಎರಡು ಕುದುರೆಯ ವ್ಯತ್ಯಾಸಕ್ಕೆ 0.66. ಅಂದ್ರೆ ನನ್ನ ಶೀಟ್ ಹೇಳಬೇಕಾಗಿದ್ದು ಇಷ್ಟು: ಮೈಸೂರಿನ ಕುದುರೆ 0.3 ಸೆಕೆಂಡ್ ಮುಂದೆ, 0.66 ಆಚೀಚೆ. ಬಿಡಿಸಿ ಹೇಳಿದ್ರೆ, ಮುಂದಿದೆಯೋ ಹಿಂದಿದೆಯೋ ನನಗೆ ಗೊತ್ತಿಲ್ಲ.

ಆಮೇಲೆ ಎರಡೂ ರೇಸ್‌ನ ವಿಡಿಯೊ ನೋಡಿದೆ. ಮೈಸೂರಿನಲ್ಲಿ ಆ ಕುದುರೆ ಒಂಟಿಯಾಗಿ ಮುಂದಿತ್ತು. ಯಾರೂ ಪಕ್ಕಕ್ಕೆ ಬಂದು ಕೆಣಕಿರಲಿಲ್ಲ, ತನ್ನ ಪಾಡಿಗೆ ಓಡಿ ಬಂತು. ಬೆಂಗಳೂರಿನಲ್ಲಿ ಅದೇ ಥರ ಮುಂದೆ ಓಡೋ ಕುದುರೆಗಳು ಇನ್ನೆರಡು ಇದ್ದವು. ಮೂರೂ ಮೊದಲ 600 ಮೀಟರ್ ಹೆಗಲಿಗೆ ಹೆಗಲು ಕೊಟ್ಟು ಓಡಿದವು. ಕೊನೆಯ 200 ಮೀಟರ್‌ನಲ್ಲಿ ಮೂರೂ ನಿಂತಂಗಾಯ್ತು. ಇದನ್ನ ನೋಡೋಕೆ ಶೀಟೇ ಬೇಕಿರಲಿಲ್ಲ. ಹಿಂದಿನ ರೇಸ್‌ಗಳ ವಿಡಿಯೊ ಹತ್ತು ನಿಮಿಷ ನೋಡಿದ್ರೆ, ಯಾರು ಯಾರು ಮುಂದೆ ಓಡೋರು ಅಂತ ಗೊತ್ತಾಗ್ತಿತ್ತು. ನನ್ನನ್ನ ಕೇಳಿದ್ರೆ, ಪೇಸ್ ಲೆಕ್ಕದಲ್ಲಿ ಎಲ್ಲಕ್ಕಿಂತ ನಂಬಬಹುದಾದ ಭಾಗ ಇದೊಂದೇ. ಸೆಕೆಂಡುಗಳಲ್ಲ, ಎಷ್ಟು ಕುದುರೆಗಳಿಗೆ ಮುಂದಿನ ಜಾಗ ಬೇಕು ಅನ್ನೋ ಎಣಿಕೆ. ಅದು ಟ್ರ್ಯಾಕಿಂದ ಟ್ರ್ಯಾಕಿಗೆ ಅಷ್ಟಾಗಿ ಬದಲಾಗಲ್ಲ.

ನೀವು ಕೇಳಬಹುದು, ಇಷ್ಟೆಲ್ಲ ಕಲಿತ ಮೇಲೆ ನೀನು ಬೆಟ್ ಕಟ್ತೀಯಾ ಅಂತ. ಇಲ್ಲ. 1996ರಲ್ಲಿ ಸುಪ್ರೀಂ ಕೋರ್ಟ್ ಕುದುರೆ ಪಂದ್ಯ ಕೌಶಲದ ಆಟ ಅಂತ ಹೇಳಿದೆ, ಸರಿ. ಕೌಶಲ ಇದೆ, ನಾನೂ ನೋಡಿದ್ದೀನಿ. ಆದ್ರೆ ಪಣದ ಪೂರ್ತಿ ಮೊತ್ತದ ಮೇಲೆ ಶೇ. 28 ಇದ್ದ ಜಿಎಸ್‌ಟಿ 2025ರ ಸೆಪ್ಟೆಂಬರ್‌ನಲ್ಲಿ ಶೇ. 40 ಆಗಿದೆ. ಅದರ ಮೇಲೆ ಟೋಟ್‌ನವರ, ಬುಕ್ಕಿಯವರ ಪಾಲು. ನನ್ನ ಅಂದಾಜು ಬೇರೆಯವರಿಗಿಂತ ಸ್ವಲ್ಪ ಚೆನ್ನಾಗಿದ್ರೂ, ಆ ಸ್ವಲ್ಪ ಈ ಗುಂಡಿಯನ್ನ ತುಂಬಲ್ಲ. ಟೆಲಿಗ್ರಾಂನಲ್ಲಿ ಪೇಸ್ ರೇಟಿಂಗ್ ಅಂತ ಮಾರೋರು ಬರ್ತಾರಲ್ಲ, ಅವರಿಗೆ ಒಂದೇ ಪ್ರಶ್ನೆ ಕೇಳಿ: ಈ ನಂಬರ್ ಎಷ್ಟು ಆಚೀಚೆ? ನಾನು ಮೂರು ಜನಕ್ಕೆ ಕೇಳಿದೆ. ಇಬ್ಬರು ಬ್ಲಾಕ್ ಮಾಡಿದ್ರು, ಒಬ್ಬರು ಡಿಸ್ಕೌಂಟ್ ಕೊಟ್ರು.

ಬಾಡಿಗೆ? ಆ ತಿಂಗಳದ್ದು ಪೂರ್ತಿ ನಾನೇ ಕಟ್ಟಿದೆ. ಶೀಟ್ ನಂದಲ್ವಾ. ರೂಮ್‌ಮೇಟ್ ಅವನ ಪಾಲಿನ ಏಳು ಸಾವಿರವನ್ನ ಮೂರು ಕಂತಲ್ಲಿ ವಾಪಸ್ ಕೊಟ್ಟ. ನನ್ನ ಏಳು ಸಾವಿರದ ಬಗ್ಗೆ ಇಬ್ಬರೂ ಮಾತಾಡಿಲ್ಲ. ಶೀಟ್‌ನಲ್ಲಿ ಈಗ ಸಮಯದ ಪಕ್ಕ ಇನ್ನೊಂದು ಕಾಲಂ ಇದೆ, ಆಚೀಚೆ ಎಷ್ಟು ಅಂತ. ಸಾರ್ಟ್ ಮಾಡೋ ಬಟನ್ ತೆಗೆದು ಹಾಕಿದ್ದೀನಿ.

ಮೊನ್ನೆ ಮೈಸೂರು ಸೀಸನ್ ಶುರುವಾದಾಗ ಅವನು ಮತ್ತೆ ಕೇಳಿದ, "ಮಗಾ, ಹೊಸ ಶೀಟ್ ಕಳ್ಸೋ." ಕಳಿಸಿದೆ. ತೆರೆದು ನೋಡಿ ಐದು ನಿಮಿಷಕ್ಕೆ ಫೋನ್ ಮಾಡಿದ: "ಏನ್ ಗುರು ಇದು, ಎಲ್ಲ ಕುದುರೆನೂ ಒಂದೇ ಥರ ಕಾಣ್ತಿದೆ!"

ಹೌದು ಕಣೋ ಅಂದೆ.

ಮುಂದಿನ ವಾರ ಸಿಗೋಣ.